ಸುಣ್ಣದ ನೀರು ದಿಬ್ಬ ಹತ್ತಿದ್ದು

೯ ಫೆಬ್ರವರಿ ೧೯೨೫, ಸೋಮವಾರ

ಬೆಳಿಗ್ಗೆ ನಮ್ಮ ತೊಗಲು ಹದ ಮಾಡುವ ಅಂಗಳದಲ್ಲಿ ಎರಡು ಸುಣ್ಣದ ಗುಂಡಿ ಬರಿದು ಮಾಡಿಸಿದೆ. ಮಡಕೆಯಲ್ಲಿ ಮೊಗೆಯುವುದು, ಕೈಯಿಂದ ಕೈಗೆ ದಾಟಿಸುವುದು, ಕೊನೆಗೆ ಅದೇ ಚರಂಡಿಗೆ ಸುರಿಯುವುದು. ಚರಂಡಿ ನಮ್ಮ ಅಡುಗೆಮನೆಯ ಗೋಡೆಗೆ ತಾಗಿಕೊಂಡಿದೆ. ಹರಿಯುವುದಿಲ್ಲ, ನಿಲ್ಲುತ್ತದೆ. ನೆಲ ಮನೆಯ ಕಡೆಗೇ ಇಳಿಜಾರು. ಆಚೆ ಕಡೆ ಕಲ್ಲುದಿಬ್ಬ, ಅದರಾಚೆ ಯಾರಿಗೂ ಬೇಡದ ಬರಡು. ನೀರು ಹೋಗಬೇಕಾದದ್ದು ಅಲ್ಲಿಗೆ. ದಿಬ್ಬ ಹತ್ತುವುದು ಅದಕ್ಕೆ ಗೊತ್ತಿಲ್ಲ.

ತೊಗಲು ನೆನೆಸಿದ ಸುಣ್ಣದ ನೀರೆಂದರೆ ಬರೀ ನೀರಲ್ಲ. ಕೂದಲು, ಕೊಬ್ಬು, ಮಾಂಸದ ಚೂರು. ಎರಡು ದಿನ ಬಿಸಿಲಿಗೆ ಬಿದ್ದರೆ... ಬರೆಯುವುದು ಬೇಡ.

ಹಜೀರಾ ಕಡೂರಿಗೆ ಹೋಗಿ ಒಂದು ವಾರ. ಮೊದಲ ಹೆರಿಗೆ ತವರಲ್ಲೇ, ಅದು ಸರಿ. ಆದರೆ ಐದನೇ ತಿಂಗಳಿಗೇ ಹೋಗಬೇಕಾಗಿರಲಿಲ್ಲ. ಒಲೆ ಮುಂದೆ ಕೂತರೆ ವಾಂತಿ, ಎದ್ದರೆ ವಾಂತಿ. ಕಿಟಕಿಗೆ ಹಲಗೆ ಹೊಡೆದಿದ್ದರೂ ಸಂದಿಯಲ್ಲಿ ನಾತ ಬರುತ್ತಿತ್ತು.

ಅವಳನ್ನು ಕರೆದೊಯ್ಯಲು ಬಂದಿದ್ದವರು ಅವಳ ತಂದೆ ವಜೀರ್ ಸಾಬ್, ಕಡೂರು–ಚಿಕ್ಕಮಗಳೂರು ಮೋಟಾರ್ ಬಸ್ಸಿನ ಡ್ರೈವರ್. ಅಜ್ಜಂಪುರ ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ನನ್ನ ಭುಜ ಹಿಡಿದುಕೊಂಡು ಹೇಳಿದರು: "ಮೈದೀನ್, ಬೇಜಾರು ಮಾಡ್ಕೋಬೇಡ. ಆ ಚರಂಡಿ ಅಲ್ಲಿರೋ ತನಕ ಇವಳನ್ನೂ ಕಳ್ಸಲ್ಲ, ಮಗೂನೂ ಕಳ್ಸಲ್ಲ."

"ಸರಿ ಮಾಮು" ಎಂದೆ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಇದನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ — ಅಬ್ಬಾ ಕನ್ನಡ ಓದುವುದಿಲ್ಲ. ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂರದೆ ಇಸ್ಕೂಲಿನಿಂದ ಓಡಿಬಂದವನಿಗೆ ಅಲ್ಲಿಂದ ಉಳಿದದ್ದು ಈ ಅಕ್ಷರ ಒಂದೇ.

೧೨ ಫೆಬ್ರವರಿ, ಗುರುವಾರ

ಗುಂಡಿ ಕೆಲಸದ ಮೇಸ್ತ್ರಿ ಕೆಂಚಪ್ಪ. ನಾನು ತೆವಳುವಾಗಿನಿಂದ ನನ್ನನ್ನು ಗುಂಡಿಗೆ ಬೀಳದಂತೆ ಹಿಡಿದವನು. ಇವತ್ತು ಬೀಡಿ ಹಚ್ಚಿಕೊಂಡು ಹೇಳಿದ:

"ಕೆಮ್ಮಣ್ಣುಗುಂಡೀಲಿ ಗಣಿ ತೋಡೋವಾಗ ನೀರು ತುಂಬ್ಕತ್ತದಂತೆ ಸಣ್ಣ ಸಾಬ್ರೇ. ಆಗ ಒಂದು ಕಬ್ಬಣದ ಬೋಸಿ ಪಂಪು ತಂದಿಕ್ತಾರೆ. ಇಬ್ರು ಹಿಡ್ಕಂಡು ಮೇಲಕ್ಕೂ ಕೆಳಕ್ಕೂ ಆಡ್ಸಿದ್ರೆ ಕೆಸ್ರು, ಕಲ್ಲು, ಎಲ್ಲಾ ಕಕ್ಕುತ್ತೆ. ನನ್ನ ತಂಗಿ ಮಗ ನೋಡವ್ನೆ."

"ಕೂದಲು ಕಕ್ಕುತ್ತಾ?"

"ಕಲ್ಲೇ ಕಕ್ಕುತ್ತೆ, ಕೂದಲು ಬಿಡುತ್ತಾ?"

ಸಂಜೆ ಅಬ್ಬಾನ ಹತ್ತಿರ ಕೇಳಿದೆ. ಅಬ್ಬಾ ತೊಗಲು ತಿರುವಿ ನೋಡುತ್ತಿದ್ದರು. "ನಿಮ್ಮಜ್ಜನ ಕಾಲದಿಂದ ನೀರು ಅಲ್ಲೇ ಹೋಗ್ತಿದೆ. ಹೆಂಡತಿ ಊರಲ್ಲಿಲ್ಲ, ನಿನಗೆ ತಲೆ ಕೆಟ್ಟಿದೆ."

"ಹೌದು" ಎಂದೆ.

ಅಬ್ಬಾ ತಲೆ ಎತ್ತಿದರು. ಇಲ್ಲ ಎಂದು ವಾದಿಸುತ್ತೇನೆಂದು ಕಾದಿದ್ದರೋ ಏನೋ. ನಕ್ಕುಬಿಟ್ಟರು. "ಹೋಗಿ ನೋಡ್ಕೊಂಡು ಬಾ."

೨೮ ಫೆಬ್ರವರಿ, ಶನಿವಾರ

ತರೀಕೆರೆಯಿಂದ ಈಗ ಬಂದೆ. ಕಾಲು ನೋವು, ಮನಸ್ಸು ಹಗುರ.

ಹೋಗುವಾಗ ಮುಚ್ಚಳದ ಟಿನ್ನಿನಲ್ಲಿ ನಮ್ಮ ಗುಂಡಿಯ ನೀರನ್ನೇ ತೆಗೆದುಕೊಂಡು ಹೋಗಿದ್ದೆ, ಕೂದಲು ಸಮೇತ. ಅಂಗಡಿಯ ಶುದ್ಧ ನೀರಿನಲ್ಲಿ ಎಲ್ಲ ಪಂಪೂ ಕೆಲಸ ಮಾಡುತ್ತದೆ. ಬೀರೂರಿನಲ್ಲಿ ರೈಲು ಬದಲಿಸಿ ಕೂತ ಮೇಲೆ ಜನ ಮೂಗು ಮುಚ್ಚಿಕೊಂಡು ಎದ್ದುಹೋಗಿ, ರೈಲಿನ ಡಬ್ಬಿ ಪೂರ್ತಿ ನನ್ನದೇ ಆಯಿತು. ಕಾಲು ಚಾಚಿ ಮಲಗಿಕೊಂಡು ಹೋದೆ.

ಕಬ್ಬಿಣದ ಸಾಮಾನಿನ ಮಲ್ಲಿಕಾರ್ಜುನಪ್ಪನವರ ಅಂಗಡಿ. ಮೂಗಿಗೆ ಶಲ್ಯ ಒತ್ತಿಕೊಂಡು ಆಚೆಯಿಂದಲೇ ಕೂಗಿದರು: "ಏನಪ್ಪಾ ಅದು, ಹೆಣ ತಂದಿದ್ದೀಯಾ?"

"ಹೆಣದ ನೀರು ಸ್ವಾಮಿ. ಪಂಪು ಬೇಕಿತ್ತು."

"ಅಂಗಡಿ ಒಳಗೆ ಬರಬೇಡ ಕಣಪ್ಪಾ, ಹಿತ್ತಿಲ ಕಡೆ ನಡಿ. ಅಲ್ಲೇ ತರಿಸ್ತೀನಿ."

ಎರಡು ತರಿಸಿದರು. ಒಂದು ಹಿತ್ತಾಳೆಯದು, ಫಳಫಳ, ಉದ್ದ ಕೊಳವೆಯೊಳಗೆ ದಂಡ ಓಡಾಡುವಂಥದ್ದು. ನೋಡಿದ ತಕ್ಷಣ ಅದೇ ಬೇಕೆನಿಸಿತು, ಸುಳ್ಳು ಹೇಳುವುದಿಲ್ಲ. ಇನ್ನೊಂದು ಬೋಸಿ. ಗಣಿ ಕಂಟ್ರಾಕ್ಟರ್ ಒಬ್ಬ ಮಾರಿ ಹೋದದ್ದು. ಎರಕದ ಕಬ್ಬಿಣ, ಮೈಯೆಲ್ಲ ತುಕ್ಕು, ಮೇಲೊಂದು ಉದ್ದ ಹಿಡಿ. ಬೋಸಿಯ ಬಾಯಿಗೆ ದಪ್ಪ ರಬ್ಬರಿನ ಬಿಲ್ಲೆ, ಅಂಚಿಗೆ ಸುತ್ತ ಬೋಲ್ಟು. ಹಿಡಿ ಎತ್ತಿದರೆ ಬಿಲ್ಲೆಯ ನಡು ಉಬ್ಬುತ್ತದೆ, ಕೆಳಗಿನ ವಾಲು, ಅಂದರೆ ಒಂದೇ ಕಡೆಗೆ ತೆರೆಯುವ ಮುಚ್ಚಳ, ತೆರೆದು ನೀರು ಒಳಗೆ ಬರುತ್ತದೆ. ಇಳಿಸಿದರೆ ಬಿಲ್ಲೆ ಕುಸಿಯುತ್ತದೆ, ನಡುವಿನ ವಾಲಿನಿಂದ ನೀರು ಮೇಲೆ. ಅಷ್ಟೇ. ಉಜ್ಜಿಕೊಂಡು ಓಡಾಡುವುದು ಒಳಗೆ ಏನೂ ಇಲ್ಲ.

ಹಿತ್ತಾಳೆಯದಕ್ಕೆ ನನ್ನ ಟಿನ್ನಿನ ನೀರು ಕುಡಿಸಿದೆ. ಸ್ವಲ್ಪ ಎಳೆಯಿತು. ಆಮೇಲೆ ಕೂದಲು ದಂಡಕ್ಕೆ ಸುತ್ತಿಕೊಂಡು ಕೆಮ್ಮಿದಂತೆ ಸದ್ದು ಮಾಡಿ ನಿಂತಿತು. ಬೋಸಿಗೆ ಕುಡಿಸಿದೆ. ಕೂದಲು, ಕೊಬ್ಬು, ಯಾವುದೋ ಕಿವಿಯ ಚೂರು, ಎಲ್ಲ ನನ್ನ ಕಾಲ ಮೇಲೆ ಕಕ್ಕಿತು.

"ಇದೇ ಸ್ವಾಮಿ" ಎಂದೆ.

"ಹಿತ್ತಾಳೇದು ಚೆಂದ ಕಣೋ, ಹತ್ತು ಜನ ನೋಡ್ತಾರೆ."

"ನಮ್ಮ ಗುಂಡಿ ಹತ್ರ ಹತ್ತು ಜನ ಬರಲ್ಲ ಸ್ವಾಮಿ."

ಜೋರಾಗಿ ನಕ್ಕರು. ನಕ್ಕಾಗ ಶಲ್ಯ ಜಾರಿತು. ಮತ್ತೆ ಒತ್ತಿಕೊಂಡರು.

ಪಂಪಿನ ಜೊತೆ ಕೊಟ್ಟ ಹಾಳೆಯಲ್ಲಿ ಆ ಬಿಲ್ಲೆಗೆ ಡಯಾಫ್ರಮ್ ಎಂದಿತ್ತು. ಅಲ್ಲಿನ ಆಳು "ರೊಟ್ಟಿ" ಎಂದ. ನಾವೂ ರೊಟ್ಟಿ ಎನ್ನುತ್ತೇವೆ.

೬ ಮಾರ್ಚ್, ಶುಕ್ರವಾರ

ನಮಾಜ್ ಮುಗಿಸಿ ಬಂದ ಕೂಡಲೇ ಬೋಸಿಯನ್ನು ಗಾಡಿಯಿಂದ ಇಳಿಸಿ ಗುಂಡಿಯ ಪಕ್ಕ ಕೂರಿಸಿದೆವು. ನಾನು, ಕೆಂಚಪ್ಪ ಹಿಡಿ ಹಿಡಿದೆವು. ನೀರು ಬಂತು! ಬೋಸಿಯ ಬಾಯಿಂದ ಉಕ್ಕಿ ನಮ್ಮ ಪಾದ ತೊಳೆದು ಅದೇ ಗುಂಡಿಗೆ ವಾಪಸ್ ಹೋಯಿತು. ಬಾಯಿಗೆ ಕೊಳವೆ ಕಟ್ಟಿ ದಿಬ್ಬಕ್ಕೆ ಎಳೆದೆವು. ಒಂದು ಹನಿ ಹತ್ತಲಿಲ್ಲ. ಬೋಸಿ ಮೇಲೆ ತೆರೆದೇ ಇದೆ, ಅಲ್ಲಿಂದ ಚಿಮ್ಮಿ ನನ್ನ ಮುಖಕ್ಕೇ ಹೊಡೆಯಿತು.

"ಇದು ಕುಡಿಯೋದು ಕಲ್ತದೆ, ಉಗಿಯೋದು ಕಲ್ತಿಲ್ಲ" ಎಂದ ಕೆಂಚಪ್ಪ.

ರಜೆಯಾದರೂ ನೋಡಲು ಬಂದಿದ್ದ ಆಳುಗಳೆಲ್ಲ ನಕ್ಕರು. ಅಬ್ಬಾ ನಗಲಿಲ್ಲ. ಅದು ಇನ್ನೂ ಕಷ್ಟವಾಯಿತು.

೭ ಮಾರ್ಚ್, ಶನಿವಾರ. ಮಧ್ಯಾಹ್ನ

ಕೆಂಚಪ್ಪನ ತಮಾಷೆಯೇ ತಲೆಯಲ್ಲಿ ತಿರುಗುತ್ತಿತ್ತು. ಕುಡಿಯುವುದು ಮಾತ್ರ ಗೊತ್ತಿದ್ದರೆ ಕುಡಿಯುವವನನ್ನು ಮೇಲೆ ಕೂರಿಸಬೇಕು.

ದಿಬ್ಬದ ನೆತ್ತಿಗೆ ನಾಲ್ಕು ಜನ ಹೊತ್ತೆವು. ಕಲ್ಲು ಚಪ್ಪಡಿ ಹಾಸಿ ಕೂರಿಸಿ, ಕೊಳವೆಯನ್ನು ಕೆಳಗೆ ಗುಂಡಿಗೆ ಬಿಟ್ಟೆವು. ಎಳೆದರೆ ಬರೀ ಗಾಳಿ. ಕೊಳವೆಯ ಕೀಲಿನಲ್ಲಿ ಹಾವಿನ ಸದ್ದು. ಕೊಬ್ಬು ಮೆತ್ತಿ, ಮೇಲೆ ತೊಗಲಿನ ಪಟ್ಟಿ ಸುತ್ತಿ ಬಿಗಿದೆ. ಬೋಸಿಗೆ ಮೊದಲು ಎರಡು ಬಿಂದಿಗೆ ಶುದ್ಧ ನೀರು ಹೊಯ್ದೆ, ರೊಟ್ಟಿಯೂ ವಾಲೂ ನೆನೆಯಲಿ ಎಂದು. ಕೊಳವೆಯ ತುದಿಗೆ ಬಿದಿರು ಕುಕ್ಕೆ ತೊಡಿಸಿದೆ. ಕೂದಲು ಬರಲಿ, ಕೊಂಬು ಬರಬಾರದು.

ಎಳೆದೆವು. ಎಳೆದೆವು. ಹಿಡಿ ಇದ್ದಕ್ಕಿದ್ದಂತೆ ಭಾರವಾಯಿತು.

ಬೂದು ಬಣ್ಣದ ನೀರು ಗಳಗಳ ಉಕ್ಕಿ ದಿಬ್ಬದ ಆಚೆಗೆ ಇಳಿಯಿತು. ಕೆಂಚಪ್ಪ ಹಿಡಿ ಬಿಟ್ಟು ಅಂಚಿಗೆ ಓಡಿ ನೋಡಿದ. "ಓಯ್ತು ಸಾಬ್ರೇ! ಅತ್ಲಾಗೆ ಓಯ್ತು!"

ನಾನು ಮನೆಯ ಕಡೆ ನೋಡಿದೆ. ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಸೌಟು.

೧೩ ಮಾರ್ಚ್, ಶುಕ್ರವಾರ

ಹಾಳಾಯಿತು.

ನೆನ್ನೆ ಸಂಜೆ ತೊಗಲು ಹದ ಮಾಡುವ ತಂಗಡಿ ಗಿಡದ ಚೆಕ್ಕೆಯ ರಸವನ್ನು ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ದಾಟಿಸಬೇಕಿತ್ತು. ಇವತ್ತು ಶುಕ್ರವಾರ, ರಜೆ. ಆಳುಗಳಿಗೆ ಮನೆಗೆ ಹೋಗುವ ಆತುರ. ಅಬ್ಬಾ ಕೇಳಿದರು, "ನಿನ್ನ ಬೋಸಿ ಸುಣ್ಣಕ್ಕೆ ಅಂತಾನೇ ಹುಟ್ಟಿದೆಯಾ?" ಹೊಗಳಿದಂತೆ ಕೇಳಿಸಿತು. ಹಿಗ್ಗಿಬಿಟ್ಟೆ. ಕೆಳಗಿಳಿಸಿ ತೊಟ್ಟಿಯ ಅಂಚಿನಲ್ಲಿಟ್ಟು ನಾನೇ ಆಡಿಸಿದೆ. ಬೇಗ ಮುಗಿಯಿತು. ಎಲ್ಲರೂ ಶಹಭಾಷ್ ಎಂದರು.

ಬೆಳಿಗ್ಗೆ ನೋಡಿದರೆ ರಸ ಕಪ್ಪು. ಅದರಲ್ಲಿದ್ದ ತೊಗಲೆಲ್ಲ ಕಪ್ಪು — ಜೇನಿನ ಬಣ್ಣ ಬರಬೇಕಾದದ್ದು ಕೊಡೆಯ ಬಟ್ಟೆಯ ಹಾಗೆ.

ಇಸ್ಕೂಲಿನಲ್ಲಿ ಮಸಿ ಹೇಗೆ ಮಾಡುತ್ತಿದ್ದೆವು? ಅಳಲೆಕಾಯಿ ಜಜ್ಜಿದ ರಸಕ್ಕೆ ತುಕ್ಕು ಮೊಳೆ ಹಾಕಿ. ಒಗರು ರಸ, ಕಬ್ಬಿಣ, ಮಸಿ. ತಂಗಡಿಯೂ ಒಗರು, ಬೋಸಿಯೂ ತುಕ್ಕು. ಗೊತ್ತಿತ್ತು. ಅಬ್ಬಾನಿಗೂ ಗೊತ್ತು — ತೊಟ್ಟಿಗೆ ಒಂದು ಮೊಳೆ ಬಿದ್ದರೂ ಆಳುಗಳ ಮೇಲೆ ಹರಿಹಾಯುವವರು. ಕಣ್ಣೆದುರಿಗೆ ಅಷ್ಟು ದೊಡ್ಡ ಕಬ್ಬಿಣ ಇತ್ತು, ಯಾರಿಗೂ ಹೊಳೆಯಲಿಲ್ಲ. ಪಂಪು ಎಂದರೆ ಅದು ಕಬ್ಬಿಣ ಎನ್ನುವುದೇ ಮರೆತಿತ್ತು.

ಈ ಪುಟ ಆ ತೊಟ್ಟಿಯ ನೀರಿನಲ್ಲೇ ಬರೆಯುತ್ತಿದ್ದೇನೆ. ಚೆನ್ನಾಗಿ ಮೂಡುತ್ತಿದೆ.

೧೪ ಮಾರ್ಚ್, ಶನಿವಾರ

ಅಬ್ಬಾ ಬೈಯಲಿಲ್ಲ. "ನಾಳೆ ತರೀಕೆರೆಗೆ ವಾಪಸ್ ಕಳಿಸು" ಎಂದರು, ಅಷ್ಟೇ.

"ಸುಣ್ಣಕ್ಕೆ ಕಬ್ಬಿಣ ಏನೂ ಮಾಡಲ್ಲ ಅಬ್ಬಾ. ಸುಣ್ಣಕ್ಕೆ ಮಾತ್ರ ಇಟ್ಕೊಳ್ಳೋಣ."

"ಇಟ್ಕೊಂಡರೆ ಇನ್ನೊಂದು ಗುರುವಾರ ಇನ್ಯಾವನೋ ಎಳೆದು ತರ್ತಾನೆ. ಬೇಡ."

ಕಪ್ಪಾದ ತೊಗಲನ್ನು ಬೇರೆ ಕಟ್ಟಿಟ್ಟೆವು. ಕಬ್ಬಿಣ ತಾಗಿದ್ದು ಎಂದು ಹೇಳಿಯೇ ಕೊಡುವುದು. ಅದರಲ್ಲಿ ಅಬ್ಬಾನಿಗೂ ನನಗೂ ಜಗಳವಿಲ್ಲ.

೧೫ ಮಾರ್ಚ್, ಭಾನುವಾರ

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅಮ್ಮ ಬಡಿಸುತ್ತಿದ್ದಳು. ಅಮ್ಮ ಹೆಚ್ಚು ಮಾತಿನವಳಲ್ಲ. ಊರಲ್ಲಿ ಸೈದಾನಿ ಬಿ ಮೂಗಿ ಎಂದುಕೊಂಡವರೂ ಇದ್ದಾರೆ.

"ಬೋಸಿ ಹೋಗುತ್ತಾ?" ಎಂದಳು.

"ಹೋಗುತ್ತೆ" ಎಂದರು ಅಬ್ಬಾ.

ಅಮ್ಮ ಸಾರಿನ ಪಾತ್ರೆ ಕೆಳಗಿಟ್ಟಳು. "ಇವನು ಹೊಟ್ಟೇಲಿದ್ದಾಗ ನಾನೂ ವಾಂತಿ ಮಾಡ್ಕೊಂಡೆ. ಆ ಕಿಟಕಿಗೆ ಮೊದಲ ಹಲಗೆ ಹೊಡೆದಿದ್ದು ನಾನೇ. ನಮ್ಮಪ್ಪ ಬಂದು ಕೇಳಲಿಲ್ಲ. ನೀವೂ ಕೇಳಲಿಲ್ಲ. ಹಜೀರಾನ ಅಪ್ಪ ಬಂದು ಕೇಳಿದ. ಅದಕ್ಕೆ ನನಗೆ ಎಷ್ಟು ಖುಷಿಯಾಯ್ತು ಗೊತ್ತಾ?"

ಸಿಟ್ಟಿನಿಂದ ಹೇಳಲಿಲ್ಲ. ಅಂಗಡಿಯಿಂದ ಏನು ತರಬೇಕು ಎಂದು ಹೇಳುವ ದನಿಯಲ್ಲೇ ಹೇಳಿದಳು. ಮತ್ತೆ ಪಾತ್ರೆ ಎತ್ತಿಕೊಂಡು ಅಬ್ಬಾನ ತಟ್ಟೆಗೆ ಬಡಿಸಿದಳು. ಅಬ್ಬಾನ ಕೈ ಅನ್ನದ ಮೇಲೆಯೇ ನಿಂತಿತ್ತು.

ಇಪ್ಪತ್ತು ವರ್ಷ ಆ ಅಡುಗೆಮನೆಯಲ್ಲಿ ಉಂಡಿದ್ದೇನೆ. ನಾನೂ ಕೇಳಿಲ್ಲ.

೧೬ ಮಾರ್ಚ್, ಸೋಮವಾರ. ಬೆಳಿಗ್ಗೆ

ಕೀಚ್ ಕೀಚ್ ಸದ್ದಿಗೆ ಎಚ್ಚರವಾಯಿತು. ಹೊರಗೆ ಹೋಗಿ ನೋಡಿದರೆ ದಿಬ್ಬದ ಮೇಲೆ ಬೋಸಿ. ಯಾವಾಗ ಹೊರಿಸಿದರೋ. ಅಬ್ಬಾ ಒಬ್ಬರೇ ಟೋಪಿ ತೆಗೆದಿಟ್ಟು ಹಿಡಿ ಆಡಿಸುತ್ತಿದ್ದರು, ಓಡುವ ಕುದುರೆಯ ಹಾಗೆ.

"ನಿಧಾನ ಅಬ್ಬಾ, ರೊಟ್ಟಿ ಹರಿದುಹೋಗುತ್ತೆ."

"ನನಗೇ ಹೇಳ್ಕೊಡ್ತೀಯಾ?"

"ಹೌದು."

ನಿಧಾನ ಮಾಡಿದರು. ನಾನು ಇನ್ನೊಂದು ಕಡೆ ಹಿಡಿದೆ. ಚರಂಡಿಯಲ್ಲಿ ಉಳಿದ ನೀರನ್ನೂ ಎಳೆದು ಆಚೆ ಹಾಕಿದೆವು.

ಬೋಸಿಯ ಮೈಗೆ ಸುಣ್ಣದಲ್ಲಿ ದೊಡ್ಡದಾಗಿ ಗುರುತು ಹಾಕಿದ್ದೇನೆ — ಇದು ಸುಣ್ಣಕ್ಕೆ ಮಾತ್ರ. ಓದಲು ಬಾರದವರಿಗೂ ಬಣ್ಣ ಕಾಣುತ್ತದೆ.

೨೬ ಏಪ್ರಿಲ್, ಭಾನುವಾರ

ರಂಜಾನ್ ಪೂರ್ತಿ ಬರೆಯಲಿಲ್ಲ. ಉಪವಾಸದಲ್ಲಿ ಪಂಪು ಆಡಿಸಿದರೆ ಸಂಜೆ ಬೆರಳು ಮಡಚಲು ಆಗುವುದಿಲ್ಲ. ದಿನಾ ಕೆಲಸ ಮುಗಿದ ಮೇಲೆ ಶುದ್ಧ ನೀರು ಎಳೆದು ಬೋಸಿಯ ಹೊಟ್ಟೆ ತೊಳೆಯಬೇಕು. ಒಂದು ದಿನ ಬಿಟ್ಟರೂ ಸುಣ್ಣ ವಾಲಿನ ಅಂಚಿಗೆ ಗಟ್ಟಿ ಕಟ್ಟಿಕೊಂಡು ಸರಿಯಾಗಿ ಮುಚ್ಚುವುದಿಲ್ಲ. ಒಂದು ದಿನ ಬಿಟ್ಟೆ. ಮರುದಿನವೆಲ್ಲ ಬಾಚಿಯಿಂದ ಕೆರೆದೆ.

ನೆನ್ನೆ ಈದ್. ಇವತ್ತು ಕಡೂರಿಗೆ ಹೋಗಿದ್ದೆ. ಹಜೀರಾ ಗುಂಡಗಾಗಿದ್ದಾಳೆ. ಕೆನ್ನೆ ಬಂದಿದೆ. ಅತ್ತೆ ಶೀರ್‌ಕುರ್ಮಾ ತರಲು ಒಳಗೆ ಹೋದಾಗ ಕೇಳಿದಳು:

"ಇನ್ನೂ ನಾರುತ್ತಾ?"

"ನಾರುತ್ತೆ. ಮೊದಲಿನಷ್ಟಿಲ್ಲ."

"ಅಂದರೆ ಎಷ್ಟು?"

"ಮೊದಲು ಅಡುಗೆಮನೇಲಿ ನಿಲ್ಲೋಕೇ ಆಗ್ತಿರಲಿಲ್ಲ. ಈಗ ನಿಲ್ಲಬಹುದು. ಬೇಳೆ ಬೇಯೋವರೆಗೂ ಕೂರೋಕಾಗಲ್ಲ."

ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಬೇರೆ ಹೆಂಗಸರ ಗಂಡಂದಿರಾಗಿದ್ದರೆ ಗುಲಾಬಿ ಅತ್ತರು ಚೆಲ್ಲಿದ ಹಾಗಿದೆ ಅಂತಿದ್ದರು."

"ಅನ್ನಲೇನು?"

"ಬೇಡ. ಹೋದಾಗ ಹೋಯ್ತು ಅನ್ನಿ. ಅಲ್ಲಿವರೆಗೆ ಅನ್ನಬೇಡಿ. ಇಲ್ಲಿ ಎಲ್ಲರೂ ನಾನು ಖುಷಿಯಾಗಿರಲಿ ಅಂತ ಏನೇನೋ ಹೇಳ್ತಾರೆ. ನೀವು ಹೇಳಿದ್ದೊಂದು ನಿಜ ಇರುತ್ತೆ."

ಆಮೇಲೆ ಬಾಗಿಲ ಕಡೆ ನೋಡಿ, ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿಂದ ಒಂದು ಗುದ್ದು. ಹೆದರಿ ಕೈ ತೆಗೆದೆ. ಮತ್ತೆ ನಕ್ಕಳು. ಅಷ್ಟರಲ್ಲಿ ಅತ್ತೆ ಬಂದರು.

ವಾಪಸ್ ರೈಲಿನಲ್ಲಿ ಕೂತೇ ಬಂದೆ. ಜನ ಪಕ್ಕದಲ್ಲಿದ್ದರು. ಯಾರ ಮುಖವೂ ನೆನಪಿಲ್ಲ.

೧೯ ಮೇ, ಮಂಗಳವಾರ

ಹೋದ ವಾರ ಹಿಡಿ ಹಗುರವಾಯಿತು. ಹಗುರವಾದರೆ ಕೇಡು ಎಂದು ಈಗ ಗೊತ್ತು. ಬೋಲ್ಟು ಬಿಚ್ಚಿ ನೋಡಿದರೆ ರೊಟ್ಟಿ ಅಂಚಿನಲ್ಲಿ ಬಿರುಕು ಬಿಟ್ಟಿದೆ. ಹಳೆಯ ರಬ್ಬರು, ಗಣಿಯಲ್ಲೇ ಅರ್ಧ ಆಯುಸ್ಸು ಮುಗಿಸಿಕೊಂಡು ಬಂದದ್ದು. ಕೊಳ್ಳುವಾಗ ಬಿಲ್ಲೆ ಮಡಚಿ ನೋಡಲಿಲ್ಲ. ಬೋಸಿ ಕೂದಲು ಕಕ್ಕಿದ್ದೇ ನೋಡಿ ಮರುಳಾದೆ.

ಮಲ್ಲಿಕಾರ್ಜುನಪ್ಪನವರಿಗೆ ಹೇಳಿ ಕಳಿಸಿದೆ. ಉತ್ತರ ಬಂತು — ಬೊಂಬಾಯಿಯಿಂದ ಬರಬೇಕು, ಎರಡು ತಿಂಗಳೋ, ಮೂರೋ.

"ರಬ್ರು ಯಾಕೆ ಬೇಕು, ತೊಗಲಿನ ಅಂಗ್ಳದಾಗೆ ಕೂತ್ಕಂಡು?" ಎಂದ ಕೆಂಚಪ್ಪ. ಎಮ್ಮೆ ತೊಗಲು ಆರಿಸಿ, ಹೊಂಗೆಣ್ಣೆ ಕೊಬ್ಬು ಕುಡಿಸಿ, ದುಂಡಗೆ ಕತ್ತರಿಸಿ ತೂತು ಹೊಡೆದುಕೊಟ್ಟ. ಮೆತ್ತಗೆ, ಮುದ್ದಾಗಿದೆ. ಹಾಕಿದೆವು. ಎಳೆಯಿತು!

೨೮ ಮೇ, ಗುರುವಾರ

ತೊಗಲು ರೊಟ್ಟಿ ಹೋಯಿತು. ಸುಣ್ಣ ಅದರ ಎಣ್ಣೆಯನ್ನೆಲ್ಲ ತಿಂದು ಹಪ್ಪಳ ಮಾಡಿದೆ. ಮಡಚಿದರೆ ಮುರಿಯುತ್ತದೆ.

ಕೆಂಚಪ್ಪ ಇನ್ನೊಂದು ಕತ್ತರಿಸುತ್ತಿದ್ದಾನೆ. "ಹೊಸ ಸೊಸೆ ಹಂಗೆ ಸಾಬ್ರೇ, ದಿನಾ ಎಣ್ಣೆ ಹಚ್ಚಬೇಕು" ಎಂದ. ಎಂದು, ನನ್ನ ಮುಖ ನೋಡಿ, ಮತ್ತೆ ತೊಗಲು ಕತ್ತರಿಸಲು ಬಗ್ಗಿದ.

೯ ಜೂನ್, ಮಂಗಳವಾರ

ಹೆಣ್ಣುಮಗು. ನೆನ್ನೆ ಮುಂಜಾನೆ. ಇಬ್ಬರೂ ಚೆನ್ನಾಗಿದ್ದಾರೆ.

ಕಡೂರಿನಿಂದ ಬಂದವನು ಹೇಳಿ ನೀರು ಕುಡಿದು ಹೋದ. ನಾನು ಅಂಗಳದಲ್ಲಿ ಅತ್ತಿಂದಿತ್ತ ನಡೆದೆ. ಏನು ಮಾಡುವುದೆಂದು ತೋಚದೆ ದಿಬ್ಬ ಹತ್ತಿ ಪಂಪಿನ ಬೋಲ್ಟುಗಳಿಗೆಲ್ಲ ಎಣ್ಣೆ ಬಿಟ್ಟೆ. ಬಿಟ್ಟಿದ್ದಕ್ಕೇ ಮತ್ತೆ ಬಿಟ್ಟೆ.

"ಹೆಣ್ಮಗ ಅಂತೆ!" ಕೆಂಚಪ್ಪ ಕೆಳಗಿಂದ ಕೂಗಿದ. "ಇನ್ ಮ್ಯಾಲೆ ಮನೇಲಿ ನಿಮ್ಮ ಮಾತು ನಡೆಯಲ್ಲ ಬಿಡಿ!"

"ಈಗ ನಡೀತಿದೆಯಾ?"

"ಅದೂ ದಿಟಾನೇ!"

ಅಬ್ಬಾ ಊರಿಗೆಲ್ಲ ಸಕ್ಕರೆ ಹಂಚಿದರು. ಅಮ್ಮ ಹೇಳಿದಳು: ಬಾಣಂತನದ ನಲವತ್ತು ದಿನ ಮುಗಿದ ಮೇಲೆ, ಮೊಹರಂ ಚಂದ್ರ ಕಾಣುವ ಮೊದಲು ಕರೆತರಬೇಕು. ಚಂದ್ರ ಕಂಡರೆ ಆ ತಿಂಗಳು ಹೊರಡಿಸುವುದಿಲ್ಲ. ಆಮೇಲೆ ಮುಂದೆ ಹೋಗುತ್ತಲೇ ಹೋಗುತ್ತದೆ.

೨೪ ಜೂನ್, ಬುಧವಾರ

ಮತ್ತೊಂದು ರೊಟ್ಟಿ ಹೋಯಿತು. ಈ ಸಲ ಗುಂಡಿ ಅರ್ಧ ಬರಿದಾಗಿರುವಾಗ. ಸುಣ್ಣದಿಂದ ತೊಗಲು ತೆಗೆದಾಗಿತ್ತು, ಹೊಸ ಸುಣ್ಣ ಕಲಸಿ ಇಟ್ಟಾಗಿತ್ತು, ನಿಲ್ಲಿಸುವ ಹಾಗಿರಲಿಲ್ಲ. ಮಡಕೆ ತಂದರು. ಉಳಿದರ್ಧ ಚರಂಡಿಗೆ.

ಮೂರು ತಿಂಗಳ ಕೆಲಸ ಒಂದು ಮಧ್ಯಾಹ್ನಕ್ಕೆ.

೫ ಜುಲೈ, ಭಾನುವಾರ

ಇವತ್ತು ವಜೀರ್ ಸಾಬ್ ನೋಡಲು ಬಂದಿದ್ದರು. ಬರುತ್ತಾರೆಂದು ಮೊದಲೇ ತಿಳಿದಿತ್ತು. ಮೂರು ದಿನದಿಂದ ಅಬ್ಬಾ ಗುಂಡಿ ಮುಟ್ಟಿಸಲಿಲ್ಲ. ಚರಂಡಿಗೆ ಹೊಸ ಮರಳು. ಗೋಡೆಗೆ ಸುಣ್ಣ. ಅಮ್ಮ ಬೆಳಿಗ್ಗೆಯಿಂದ ಲೋಬಾನದ ಹೊಗೆ ಹಾಕಿ ಹಾಕಿ ನಮ್ಮ ಕಣ್ಣೆಲ್ಲ ಕೆಂಪು.

"ನೀನು ಬಾಯಿ ಮುಚ್ಕೊಂಡಿರು" ಎಂದರು ಅಬ್ಬಾ. "ಸುಳ್ಳು ಹೇಳು ಅಂತಿಲ್ಲ. ಸುಮ್ಮನಿರು ಅಂತಿದ್ದೀನಿ. ಸುಮ್ಮನಿರೋದು ಸುಳ್ಳಲ್ಲ."

ಸುಮ್ಮನಿದ್ದೆ. ಚಹಾ ಆಗುವವರೆಗೂ ಸುಮ್ಮನಿದ್ದೆ. ವಜೀರ್ ಸಾಬ್ ಅಡುಗೆಮನೆಯಲ್ಲಿ ನಿಂತು ಉದ್ದಕ್ಕೆ ಉಸಿರೆಳೆದರು. "ಪರವಾಗಿಲ್ಲವಲ್ಲ! ಏನೂ ಇಲ್ಲ. ನಲವತ್ತು ಮುಗಿದ ಕೂಡಲೇ ಕಳಿಸಿಕೊಡ್ತೀನಿ."

ಅಮ್ಮನ ಮುಖ ಅರಳಿತು. ಅದನ್ನು ನೋಡಿದ ಮೇಲೂ ನನ್ನ ಬಾಯಿ ತೆರೆದುಕೊಂಡಿತು.

"ಮಾಮು, ಇವತ್ತಿನದು ಲೋಬಾನ. ಮೂರು ದಿನದಿಂದ ಗುಂಡಿ ಬರಿದು ಮಾಡಿಲ್ಲ. ನಾಳೆ ಮಾಡ್ಬೇಕು. ತೊಗಲು ರೊಟ್ಟಿ ಒಂದು ವಾರ ಬಂದರೆ ಹೆಚ್ಚು. ಮಧ್ಯದಲ್ಲಿ ಹೋದರೆ ನೀರು ಮತ್ತೆ ಇಲ್ಲಿಗೇ ಬರುತ್ತೆ. ಮಗು ಬಂದ ಮೇಲೂ ಬರುತ್ತೆ."

ಅಬ್ಬಾ ಗಡ್ಡ ತಿಕ್ಕಿಕೊಂಡರು. ವಜೀರ್ ಸಾಬ್ ಲೋಟ ಕೆಳಗಿಟ್ಟರು.

"ರೊಟ್ಟಿ ಅಂದರೆ?"

ದಿಬ್ಬಕ್ಕೆ ಕರೆದುಕೊಂಡು ಹೋದೆ. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ತಾವೇ ಬೋಲ್ಟು ಬಿಚ್ಚಿದರು. ರೊಟ್ಟಿ ಎತ್ತಿ ಮಡಚಿ ನೋಡಿದರು. ಅಂಚಿಗೆ ದಾರ ಹಿಡಿದು ಗಂಟು ಹಾಕಿಕೊಂಡರು. ಹಿಡಿಯನ್ನು ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಎಲ್ಲ ಮತ್ತೆ ಬಿಗಿದು, ಕೈ ಒರೆಸಿಕೊಂಡು, ಕೋಟು ಹಾಕಿಕೊಂಡು ಸ್ಟೇಷನ್ ಕಡೆ ನಡೆದರು. ಕಳಿಸುತ್ತೇನೆ ಎನ್ನಲಿಲ್ಲ. ಕಳಿಸುವುದಿಲ್ಲ ಎಂದೂ ಅನ್ನಲಿಲ್ಲ.

ಅಮ್ಮ ನನ್ನೊಂದಿಗೆ ಮಾತಾಡುತ್ತಿಲ್ಲ. ಮಗುವಿನ ಟೋಪಿ ಹೊಲಿಯುತ್ತಿದ್ದವಳು ಅದನ್ನು ಮಡಚಿ ಪೆಟ್ಟಿಗೆಗೆ ಹಾಕಿದಳು.

ಹೇಳಬಾರದಿತ್ತೇನೋ. ಹೇಳದಿದ್ದರೆ ಹಜೀರಾ ಬಂದು, ಎರಡನೇ ದಿನ, ಒಲೆ ಮುಂದೆ... ಇಲ್ಲ. ಹೇಳಬೇಕಾಗಿತ್ತು. ಆದರೂ ಆ ಟೋಪಿ.

೮ ಜುಲೈ, ಬುಧವಾರ

ಏನೂ ಇಲ್ಲ.

೧೨ ಜುಲೈ, ಭಾನುವಾರ

ಬೆಳಗಿನ ರೈಲಿಗೇ ವಜೀರ್ ಸಾಬ್ ಇಳಿದು ಬಂದರು. ಕಂಕುಳಲ್ಲಿ ಗೋಣಿಚೀಲದ ಗಂಟು.

"ನಮ್ಮ ಬಸ್ಸಿನ ಹಳೇ ಟ್ಯೂಬು" ಎಂದು ಬಿಚ್ಚಿದರು. ದುಂಡು ಬಿಲ್ಲೆ. ರಬ್ಬರು, ನಡುವೆ ಟೈರಿನ ಕ್ಯಾನ್ವಾಸ್, ಮತ್ತೆ ರಬ್ಬರು, ಅಂಟಿಸುವ ಸಲ್ಯೂಷನ್ ಹಚ್ಚಿ ಭಾರ ಹೇರಿ ಕೂರಿಸಿದ್ದು. ತೂತುಗಳೆಲ್ಲ ದಾರದ ಗಂಟಿನ ಅಳತೆಗೆ. ಎರಡು ತಂದಿದ್ದರು. "ಒಂದು ಹಾಕೋಕೆ, ಒಂದು ನೀರಿನ ಪಕ್ಕ ತಂಪಲ್ಲಿಡೋಕೆ. ಬಿಸಿಲಿಗೆ ಇಡಬೇಡ. ಎಣ್ಣೆ, ಕೊಬ್ಬು ಏನೂ ಹಚ್ಚಬೇಡ. ತೊಗಲಿಗೆ ಅಮೃತ, ರಬ್ಬರಿಗೆ ವಿಷ."

ಬೋಲ್ಟು ಬಿಗಿಯುವಾಗ ಜಗಳ. ಅಬ್ಬಾ ಸುತ್ತಲೂ ಒಂದಾದ ಮೇಲೊಂದು ಬಿಗಿಯಲು ಹೊರಟರು.

"ಹಾಗಲ್ಲ ಭಾಯಿ, ಎದುರುಬದುರು ಬಿಗೀರಿ. ಗಾಲಿ ಬಿಗಿದ ಹಾಗೆ. ಇಲ್ಲದಿದ್ದರೆ ಒಂದು ಕಡೆ ಸುಕ್ಕು ಬೀಳುತ್ತೆ."

"ಇದು ಬಸ್ಸಲ್ಲ."

"ಬಸ್ಸಾಗಿದ್ದರೆ ನಿಮ್ಮ ಕೈಗೆ ಕೊಡ್ತಿದ್ನಾ?"

ಕೆಂಚಪ್ಪ ಬೆನ್ನು ತಿರುಗಿಸಿ ನಕ್ಕ. ಅವನ ತೊಗಲು ರೊಟ್ಟಿ ಪಕ್ಕದಲ್ಲಿ ಬಿದ್ದಿತ್ತು. ಎತ್ತಿಕೊಂಡು, "ಚಪ್ಪಲಿಗಾದ್ರೂ ಆಯ್ತದೆ" ಎಂದು ಕಂಕುಳಿಗೆ ಸಿಕ್ಕಿಸಿಕೊಂಡ.

ಎದುರುಬದುರೇ ಬಿಗಿದೆವು.

"ಈಗ ಗುಂಡಿ ಬರಿದು ಮಾಡಿ. ಎಲ್ಲ ಗುಂಡೀನೂ" ಎಂದರು ವಜೀರ್ ಸಾಬ್. ನೇರ ಮನೆಗೆ ಹೋಗಿ ಅಡುಗೆಮನೆಯ ಕಿಟಕಿಯ ಹಲಗೆಗಳನ್ನು ಒಂದೊಂದಾಗಿ ಕಿತ್ತರು. "ಬೆಹೆನ್, ಲೋಬಾನ ಬೇಡ. ಚಾಪೆ ಇಲ್ಲಿ ಹಾಕಿ. ಊಟಾನೂ ಇಲ್ಲೇ."

ಕಿಟಕಿಯ ಕೆಳಗೆ ಮಧ್ಯಾಹ್ನ ಪೂರ್ತಿ ಕೂತರು. ನಾವು ದಿಬ್ಬದ ಮೇಲಿಂದ ಎಳೆಯುತ್ತಿದ್ದೆವು, ಅವರು ಅಲ್ಲಿ ಉಣ್ಣುತ್ತಿದ್ದುದು ಕಾಣುತ್ತಿತ್ತು. ಮತ್ತೆ ಹಾಕಿಸಿಕೊಂಡರು. ಅದನ್ನು ನೋಡುತ್ತಾ ನನಗೆ ಹಿಡಿಯ ಲಯ ತಪ್ಪಿತು, ಕೆಂಚಪ್ಪ ಬೈದ.

ಇಳಿದು ಹೋದೆ. ಕೈ ತೊಳೆಯುತ್ತಿದ್ದರು.

"ಇದೆ" ಎಂದರು. "ಇಲ್ಲ ಅನ್ನಲ್ಲ, ಸ್ವಲ್ಪ ಇದೆ."

"ಹೌದು ಮಾಮು."

"ಬಸ್ಸಿನ ಪೆಟ್ರೋಲು ಇದಕ್ಕಿಂತ ನಾರುತ್ತೆ. ಅದರಲ್ಲೇ ಅಲ್ವಾ ಅವಳನ್ನು ಸಾಕಿದ್ದು." ಟೋಪಿ ಸರಿ ಮಾಡಿಕೊಂಡರು. "ಭಾನುವಾರ ನಾನೇ ಕರ್ಕೊಂಡು ಬರ್ತೀನಿ. ಇನ್ನು ನೀನು ಸುಣ್ಣ ಅಂದರೆ ಸುಣ್ಣ, ಲೋಬಾನ ಅಂದರೆ ಲೋಬಾನ, ನಂಬ್ತೀನಿ. ಹೋದ ವಾರದ ನಿನ್ನ ಮಾತು ಮನೇಲಿ ಹೇಳಿದೆ. ಹಜೀರಾ ಏನಂದಳು ಗೊತ್ತಾ? 'ನೋಡಿದ್ರಾ ಅಪ್ಪಾ' ಅಂದಳು. ನಾನೇನೋ ಪಂದ್ಯ ಸೋತವನ ಹಾಗೆ!"

ಅಮ್ಮ ಪೆಟ್ಟಿಗೆ ತೆಗೆದ ಸದ್ದು ಕೇಳಿಸಿತು.

೧೯ ಜುಲೈ, ಭಾನುವಾರ. ಸಂಜೆ

ಬಂದರು. ಮಗುವಿನ ಹೆಸರು ಖೈರುನ್ನಿಸಾ. ಕೂದಲು ಬಹಳ. ಕೋಪವೂ.

ಬೆಳಿಗ್ಗೆ ಬೇಕೆಂದೇ ಒಂದು ಗುಂಡಿ ಬರಿದು ಮಾಡಿಸಿದ್ದೆ. ಅಬ್ಬಾ ತಲೆ ಚಚ್ಚಿಕೊಂಡರು, ಆದರೆ ಇನ್ನೊಂದು ಕಡೆ ಹಿಡಿ ಹಿಡಿದರು.

ಹಜೀರಾ ಒಳಗೆ ಬಂದು ಅಡುಗೆಮನೆಯಲ್ಲಿ ನಿಂತಳು. ಕಣ್ಣು ಮುಚ್ಚಿ ಮೂಗು ಎತ್ತಿದಳು. ಒಲೆಯ ಹತ್ತಿರ ಹೋದಳು, ಗೋಡೆಯ ಹತ್ತಿರ ಹೋದಳು. ಕೊನೆಗೆ ನನ್ನ ಹತ್ತಿರ ಬಂದಳು.

"ಗೋಡೆ ನಾರ್ತಿಲ್ಲ. ನೀವು ನಾರ್ತಿದ್ದೀರಿ."

"ಹೌದು."

"ಹೌದು ಅಂತೀರಲ್ಲ ಮತ್ತೆ! ಒಂದು ಸಲನಾದರೂ ಇಲ್ಲ ಅನ್ನಬಾರದಾ?"

"ಅಂದರೆ ನಂಬ್ತೀಯಾ?"

ಯೋಚಿಸಿದಳು. "ನಂಬ್ತೀನಿ. ಅದಕ್ಕೇ ಅನ್ನಬೇಡಿ." ಎಂದು ಮಗುವನ್ನು ನನ್ನ ತೋಳಿಗೆ ಹಾಕಿ ಸೀರೆ ಬದಲಿಸಲು ಹೋದಳು.

ಈಗ ಹಜೀರಾ ಮಲಗಿದ್ದಾಳೆ, ಪ್ರಯಾಣದ ಆಯಾಸ. ಮಗು ನನ್ನ ತೊಡೆಯ ಮೇಲೆ. ನನ್ನ ಬಲಗೈ ಬೆರಳೊಂದನ್ನು ಹಿಡಿದುಕೊಂಡೇ ನಿದ್ದೆ ಹೋಗಿದೆ. ಇಷ್ಟು ಸಣ್ಣ ಕೈಗೆ ಇಷ್ಟು ಬಿಗಿ ಎಲ್ಲಿಂದ ಬಂತೋ. ಬಿಡಿಸಿಕೊಳ್ಳಲು ಹೋದರೆ ಹುಬ್ಬು ಗಂಟಿಕ್ಕುತ್ತದೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರವೆಲ್ಲ ಸೊಟ್ಟ. ಬರೆಯಬೇಕಾದದ್ದು ಇನ್ನೂ ಇದೆ. ಮಸಿ ಕುಡಿಕೆ ಆಚೆ ಗೂಡಿನಲ್ಲಿದೆ, ನಾನು ಎದ್ದರೆ ಮಗು ಏಳುತ್ತದೆ, ಲೇಖನಿಯಲ್ಲಿ ಉಳಿದಿರುವಷ್ಟ